ಒಂದೇ ಮೇಜು, ಎರಡು ಸಂಸ್ಥೆ, ನಿಂತ ಲಿಫ್ಟು

ಲಿಫ್ಟ್ ತಯಾರಿಸುವ ಮಾತೃಸಂಸ್ಥೆಯ ಮಾನ್ಯ ಮುಖ್ಯಸ್ಥರೇ,

ತಾವೂ ತಮ್ಮ ಅಂಗಸಂಸ್ಥೆಯೂ ಬೇರೆ ಬೇರೆಯಾಗಿ ಕ್ಷೇಮವೆಂದು ನಂಬಿ, ನಾಲ್ಕನೇ ಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿರುವ ನಾನು ಮಾಡುವ ನಮಸ್ಕಾರಗಳು. ಒಂದೇ ನಮಸ್ಕಾರವನ್ನು ಇಬ್ಬರೂ ಹಂಚಿಕೊಂಡರೆ ಕಾನೂನಿನ ತೊಡಕಾದೀತೆಂದು ಎರಡು ಕಳುಹಿಸಿದ್ದೇನೆ.

ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಏಳು ವಾರವಾಯಿತು. ಅದನ್ನು ಕೂರಿಸಿದವರು ತಾವು, ನೋಡಿಕೊಳ್ಳಬೇಕಾದದ್ದು ತಮ್ಮ ಅಂಗಸಂಸ್ಥೆ. ತಮ್ಮ ಕಚೇರಿಗೆ ಹೋದಾಗ ಅಧಿಕಾರಿಯೊಬ್ಬರು ಬಹಳ ಮರ್ಯಾದೆಯಿಂದ, "ಅದು ನಮ್ದಲ್ಲ ಸಾರ್, ಅಂಗಸಂಸ್ಥೆಯವರನ್ನ ಕೇಳಿ" ಎಂದರು. ಅದೆಲ್ಲಿದೆಯೆಂದು ಕೇಳಿದೆ. ಅವರು ಎದ್ದು, ಅದೇ ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಕುಳಿತು, ಕನ್ನಡಕ ಸರಿಮಾಡಿಕೊಂಡು, "ಹೇಳಿ, ಏನಾಗ್ಬೇಕಿತ್ತು?" ಎಂದರು. ಇಡೀ ಕತೆಯನ್ನು ಮೊದಲಿನಿಂದ ಹೇಳಿದೆ. ದೋಷ ಲಿಫ್ಟು ಕೂರಿಸಿದವರದೆಂದು ಅವರು ವಿಷಾದದಿಂದ ತಿಳಿಸಿ, ತಮಗೆ ತಾವೇ ಪತ್ರ ಬರೆದು, ಕುರ್ಚಿ ಬದಲಿಸಿ ಅದನ್ನು ಸ್ವೀಕರಿಸಿದರು. ಉತ್ತರ ಇನ್ನೂ ಬಂದಿಲ್ಲವಂತೆ.

ಅಂಗಸಂಸ್ಥೆಯೆಂದರೇನೆಂದು ಅವರೇ ಬಿಡಿಸಿ ಹೇಳಿದರು: ಅದರ ಷೇರುಗಳೆಲ್ಲ ತಮ್ಮವು, ನಿರ್ದೇಶಕರನ್ನು ನೇಮಿಸುವವರೂ ತಾವು, ಲಾಭ ಹರಿದು ಬರುವುದೂ ತಮ್ಮ ಕಡೆಗೇ; ಆದರೆ ಕಾನೂನಿನ ಕಣ್ಣಿಗೆ ಅದು ಬೇರೆಯೇ ವ್ಯಕ್ತಿ, ಅದರ ತಪ್ಪು ಅದಕ್ಕೇ. ಎಂಥ ಚಂದದ ಏರ್ಪಾಡು! ಹಾವೂ ಸಾಯದು, ಕೋಲೂ ಮುರಿಯದು, ಲಿಫ್ಟೂ ಏಳದು. ನಾನೋ ದಡ್ಡ, ನಾನು ರಿಪೇರಿ ಮಾಡಿದ ಗಡಿಯಾರ ಮತ್ತೆ ನಿಂತರೆ ಮೂವತ್ತು ವರ್ಷದಿಂದ ನಾನೇ ತಲೆ ಕೆರೆದುಕೊಳ್ಳುತ್ತಿದ್ದೆ. ಇನ್ನು ಮುಂದೆ ಗಂಟೆಯ ಮುಳ್ಳು ನನ್ನದು, ನಿಮಿಷದ ಮುಳ್ಳು ನನ್ನ ಅಂಗಸಂಸ್ಥೆಯದು ಎಂದುಬಿಡಬಹುದು.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಮೊಣಕಾಲು ಸೋತ ನನ್ನ ಅತ್ತೆ ನಾಲ್ಕನೇ ಮಹಡಿಯಲ್ಲಿ ನಮ್ಮ ಜೊತೆಗಿದ್ದಾರೆ. ಅವರ ಅಕ್ಕ, ನಮ್ಮ ದೊಡ್ಡತ್ತೆ, ಅದೇ ಕಟ್ಟಡದ ನೆಲಮಹಡಿಯಲ್ಲಿದ್ದಾರೆ, ಮೆಟ್ಟಿಲು ಅವರಿಗೂ ಆಗದು. ಲಿಫ್ಟು ಕೆಡುವ ಹಿಂದಿನ ದಿನ ಇಸ್ಪೀಟಾಡುತ್ತ ಅತ್ತೆ ಅಕ್ಕನನ್ನು ಮೋಸಗಾತಿ ಎಂದುಬಿಟ್ಟರು. ಕ್ಷಮೆ ಕೇಳೋಣವೆಂದರೆ ದೊಡ್ಡತ್ತೆಗೆ ಕಿವಿ ಮಂದ. ಫೋನಿನಲ್ಲಿ ಏನೂ ಕೇಳಿಸದು, ಕಿಟಕಿಯಿಂದ ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ. "ತಪ್ಪಾಯ್ತು ಅನ್ನೋದನ್ನ ಚೀಟೀಲಿ ಕಳಿಸ್ತಾರಾ?" ಎನ್ನುವ ಅತ್ತೆಗೆ ಅಳಿಯನ ಬಾಯಲ್ಲಿ ಹೇಳಿಸುವುದಂತೂ ಬೇಡವೇ ಬೇಡ. ಭಾನುವಾರ ದೊಡ್ಡತ್ತೆಯನ್ನು ಮಗಳು ದೂರದ ಊರಿಗೆ ಕರೆದೊಯ್ಯುತ್ತಾಳೆ. ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ. ನನಗೆ ಇದನ್ನು ನೋಡಲಾಗುತ್ತಿಲ್ಲ.

ಆದ್ದರಿಂದ ಅತ್ತೆಯವರ ಎರಡೂ ಮೊಣಕಾಲುಗಳನ್ನು ಅಂಗಸಂಸ್ಥೆಗಳೆಂದು ನೋಂದಾಯಿಸಿ, ಅವುಗಳ ನೋವಿಗೂ ಅತ್ತೆಯವರಿಗೂ ಯಾವ ಸಂಬಂಧವೂ ಇಲ್ಲವೆಂದು ಒಂದು ಪ್ರಮಾಣಪತ್ರ ದಯಪಾಲಿಸಬೇಕಾಗಿ ಪ್ರಾರ್ಥನೆ. ಅದು ಕಷ್ಟವೆನಿಸಿದರೆ ಭಾನುವಾರದೊಳಗೆ ಲಿಫ್ಟನ್ನು ರಿಪೇರಿ ಮಾಡಿಸಿದರೂ ನಡೆದೀತು.

ಎರಡೂ ಕುರ್ಚಿಗಳಿಗೆ ಸಮನಾಗಿ ತಲೆಬಾಗುವ,
ತಮ್ಮ ವಿಶ್ವಾಸಿ,
ನಾಲ್ಕನೇ ಮಹಡಿಯ ಗಡಿಯಾರದವನು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಅದೇ ಅಧಿಕಾರಿಗಳು ಬಂದು, ಲಿಫ್ಟಿಗೆ ಏನೂ ಆಗಿಲ್ಲವೆಂದು ತೋರಿಸಲು ನೆಲಮಹಡಿಯಲ್ಲಿ ಒಳಹೊಕ್ಕು ಗುಂಡಿ ಒತ್ತಿದರು. ಅದು ಆಳೆತ್ತರ ಏರಿ ನಿಂತಿತು. ಅವರ ಬೂಟುಗಳು ಈಗ ಕೆಳಗೆ ಬಾಗಿಲ ಬಳಿ ನೋಡುತ್ತ ನಿಂತ ದೊಡ್ಡತ್ತೆಯ ಮುಖದೆದುರಿಗಿವೆ. ಅವರು ಯಾವ ಸಂಸ್ಥೆಯ ಪರವಾಗಿ ಒಳಗೆ ಹೋದರೆಂದು ತಿಳಿಯದೆ ನಾವು ಬಾಗಿಲಿಗೆ ಕೈಹಚ್ಚಿಲ್ಲ. ಈ ನಡುವೆ ಅತ್ತೆ ತಡೆಯಲಾರದೆ ನಾಲ್ಕನೇ ಮಹಡಿಯ ಲಿಫ್ಟಿನ ಜಾಲರಿ ಬಾಗಿಲಿಗೆ ಬಾಯಿಟ್ಟು ಹೇಳಿದ್ದನ್ನು ಅಧಿಕಾರಿಗಳು ಒಳಗೆ ಮಂಡಿಯೂರಿ, ಬಾಗಿಲ ಸಂದಿಯಿಂದ ದೊಡ್ಡತ್ತೆಯ ಕಿವಿಗೆ ತಲುಪಿಸಿದರು: "ಅಕ್ಕಾ, ತಪ್ಪು ನಂದೇ." ತಮ್ಮ ಎರಡೂ ಸಂಸ್ಥೆಗಳ ಬಾಯಿಂದ ಈ ಮಾತು ಬಂದದ್ದು ಇದೇ ಮೊದಲಿರಬೇಕು. ದೊಡ್ಡತ್ತೆಗೆ ಸರಿಯಾಗಿ ಕೇಳಿಸಲಿಲ್ಲವಂತೆ, ಇನ್ನೊಮ್ಮೆ ಹೇಳಿಸುತ್ತಿದ್ದಾರೆ.