ಮುಕ್ಕಾಲು ನಿಮಿಷದ ಜಾಗ

ಬ್ಯಾಂಡ್ ಬಿಟ್ಟು ಒಬ್ಬನೇ ಹಾಡೋಕೆ ಹೊರಟ ಮೇಲೆ ನನಗೆ ವಾರಕ್ಕೊಂದಾದರೂ ಇಂಥ ಫಜೀತಿ ಆಗ್ತಾನೇ ಇರುತ್ತೆ. ಮೊದಮೊದಲು ಬೇಜಾರಾಗ್ತಿತ್ತು. ಈಗ ಮೆಟ್ರೋದಲ್ಲಿ ನಿಂತು ನೆನೆಸ್ಕೊಂಡು ಒಬ್ಬನೇ ನಗ್ತೀನಿ, ಪಕ್ಕದವರು ಸ್ವಲ್ಪ ಸರಿದು ನಿಲ್ತಾರೆ.

ಹಲಸೂರಿನ ಒಂದು ಗ್ಯಾರೇಜ್ ಮೇಲಿನ ರೂಮಲ್ಲಿ ನಮ್ಮ ರಾಕ್ ಬ್ಯಾಂಡಿನ ಪ್ರಾಕ್ಟೀಸ್. ಹನ್ನೆರಡು ವರ್ಷ ಅಲ್ಲಿ ನಾನು ಹಾಡಿದೆ, ನನ್ನ ಗೆಳೆಯ ಡ್ರಮ್ಸ್ ಬಾರಿಸಿದ. ಒಂದು ದಿನ ಜಗಳ ಬಂತು.

"ನಿನ್ನ ಗಲಾಟೇಲಿ ನಾನು ಬರೆದಿದ್ದು ಒಂದು ಸಾಲೂ ಜನಕ್ಕೆ ಕೇಳಲ್ಲ" ಅಂದೆ.

"ಹಂಗಾದ್ರೆ ನಾನಿಲ್ದೆ ಒಂದೇ ಒಂದು ಹಾಡು ಪೂರ್ತಿ ಹಾಡು ಮಗಾ, ನೋಡೋಣ" ಅಂದ.

"ಹಾಡ್ತೀನಿ" ಅಂತ ಎದ್ದು ಬಂದ್ಬಿಟ್ಟೆ. ಆಮೇಲೆ ನಾವು ಮಾತಾಡಲಿಲ್ಲ.

ಮೊಟ್ಟೆ ಟ್ರೇ

ಸದ್ದು ಹೊರಗೆ ಹೋಗದಿರಲಿ ಅಂತ ಪ್ರಾಕ್ಟೀಸ್ ರೂಮಿನ ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋದು ನಮ್ಮಂಥವರ ಪದ್ಧತಿ. ನಮ್ಮ ರೂಮಿನದರಲ್ಲಿ ಅರ್ಧ ನಾನು ತಂದಿದ್ದು. ಹಟಕ್ಕೆ ಬಿದ್ದು ನನ್ನ ಅರ್ಧ ಕಿತ್ಕೊಂಡು, ಆಟೋ ತುಂಬ ತುಂಬಿಸಿ ಹೊಸ ತಿಪ್ಪಸಂದ್ರದ ಮನೆಗೆ ತಂದೆ.

ಪಕ್ಕದ ಮನೆ ಆಂಟಿ ಗೇಟಲ್ಲಿ ನಿಂತು ನೋಡ್ತಿದ್ರು. "ಏನ್ರೀ ಇದು?" ಅಂತ ನಮ್ಮಮ್ಮನ್ನ ಕೇಳಿದ್ರು. "ಏನೋ ಸ್ವಂತದ್ದು ಶುರು ಮಾಡ್ತಿದಾನೆ" ಅಂದ್ರು ಅಮ್ಮ, ಗಾಯನದ ವಿಷಯವಾಗಿ. ಆಂಟಿಗೆ ನಿಜವಾಗಲೂ ಸಂತೋಷವಾಯ್ತು. ಮಾರನೇ ದಿನ ಬೆಳಗ್ಗೆ ಸ್ನಾನ ಮಾಡಿ, ಪಾತ್ರೆ ಹಿಡ್ಕೊಂಡು ಬಂದೇಬಿಟ್ರು.

"ಬೋಣಿ ನಂದೇ ಆಗ್ಲಿ ಕಣಪ್ಪ. ನಾಟಿ ಕೋಳಿದಾ, ಫಾರಂದಾ?"

ಕಣ್ಣು ಮುಚ್ಚಿದಾಗ

ನನ್ನದೊಂದು ಹಾಡಿದೆ. ಬೆಳಗಿನ ಹೊತ್ತು ಹಲಸೂರು ಕೆರೆ ಮೇಲೆ ಮಂಜು ಕೂತಿರುತ್ತಲ್ಲ, ಅದರ ಬಗ್ಗೆ. ಅದರ ನಡುವೆ ಮುಕ್ಕಾಲು ನಿಮಿಷ ಹಾಡೂ ಇಲ್ಲ, ಗಿಟಾರೂ ಇಲ್ಲ. ಡ್ರಮ್ಸ್ ಗೆಳೆಯ ಒಬ್ಬನೇ ಬಾರಿಸೋ ಜಾಗ. ದೊಡ್ಡ ಗಲಾಟೆಯ ಮನುಷ್ಯ ಅಲ್ಲಿ ಮಾತ್ರ ನೀರು ಕಲಕದ ಹಾಗೆ ಮೆಲ್ಲಗೆ ಬಾರಿಸ್ತಿದ್ದ. ನಾನು ಕಣ್ಣು ಮುಚ್ಕೊಂಡು ಕೇಳ್ತಿದ್ದೆ.

ಇಂದಿರಾನಗರದ ಒಂದು ಕೆಫೆಯಲ್ಲಿ ನನ್ನ ಮೊದಲ ಸೋಲೋ. ಮಧ್ಯಾಹ್ನದ ಬಿಸಿಲು ಗಾಜಿನಿಂದ ಸೋರ್ತಿತ್ತು. ಒಬ್ಬನೇ ಗಿಟಾರ್ ಹಿಡಿದು ಹಾಡ್ತಾ ಹಾಡ್ತಾ ಆ ಜಾಗಕ್ಕೆ ಬಂದೆ. ಹನ್ನೆರಡು ವರ್ಷದ ಅಭ್ಯಾಸ, ಕೈ ತಾನಾಗೇ ನಿಂತಿತು, ಕಣ್ಣು ಮುಚ್ಚಿತು. ತಲೆಯೊಳಗೆ ಅವನು ಶುರು ಮಾಡಿದ. ಎಷ್ಟು ಚೆನ್ನಾಗಿ ಬಾರಿಸಿದ ಅಂದ್ರೆ, ನಾನು ಎಲ್ಲಿದೀನಿ ಅನ್ನೋದೇ ಮರೆತೆ.

ಕಣ್ಣು ಬಿಟ್ಟಾಗ ವೇಟರ್ ನನ್ನ ಮುಖದ ಹತ್ತಿರ ನೀರಿನ ಲೋಟ ಹಿಡಿದಿದ್ದ. ಹಿಂದೆ ಮ್ಯಾನೇಜರ್.

"ಸರ್, ಬೆಳಗ್ಗೆ ತಿಂಡಿ ತಿಂದಿದ್ರಾ?"

ಹಳೇ ಅಭಿಮಾನಿ

ಕಮ್ಮನಹಳ್ಳಿಯಲ್ಲಿ ಹಾಡಿ ಮುಗಿಸಿದಾಗ ಒಬ್ಬ ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ. "ಗುರು, ಬ್ಯಾಂಡ್ ಕಾಲದಿಂದ ಕೇಳ್ತಿದೀನಿ. ಇವತ್ತೇ ಮೊದಲ ಸಲ ಒಂದೊಂದು ಮಾತೂ ಕ್ಲಿಯರಾಗಿ ಕೇಳಿಸ್ತು." ನನ್ನ ಕಣ್ಣಲ್ಲಿ ನೀರು ಬಂತು. ಜಗಳ ಆಡಿದ್ದು ಇದಕ್ಕೇ ತಾನೇ.

ಅವನು ಸ್ವಲ್ಪ ಯೋಚನೆ ಮಾಡಿ, "ಡ್ರಮ್ಸೇ ಚೆನ್ನಾಗಿತ್ತು" ಅಂದ.

ಮೂರನೇ ಸಾಲು

ಅವತ್ತಿಗೆ ಏಳು ಕಾರ್ಯಕ್ರಮ ಆಗಿತ್ತು. ಏಳರಲ್ಲೂ ಕೆರೆ ಹಾಡಿನ ಅದೇ ಜಾಗದಲ್ಲಿ ನಿಂತುಬಿಟ್ಟಿದ್ದೆ. ಅದನ್ನ ಕತ್ತರಿಸಿ ಹಾಕೋಣ ಅಂದ್ರೆ ಮನಸ್ಸು ಬರಲ್ಲ. ನಿಜ ಹೇಳ್ತೀನಿ, ನನಗೆ ಆ ಗೆಳೆಯ ಬೇಕಾಗಿತ್ತು. ಫೋನ್ ಮಾಡೋಕೆ ಸೊಕ್ಕು ಬಿಡ್ತಿರಲಿಲ್ಲ.

ಎಂಟನೆಯದು ನಮ್ಮ ಏರಿಯಾದ್ದೇ, ರಾಜ್ಯೋತ್ಸವ. ರಸ್ತೆಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಫ್ಯಾಕ್ಟರಿಯಿಂದ ರಿಟೈರ್ ಆದ ಅಂಕಲ್‌ಗಳು. ಇವತ್ತು ನಿಲ್ಲೋದೇ ಇಲ್ಲ ಅಂತ ದೇವರಾಣೆ ಹಾಕ್ಕೊಂಡು ವೇದಿಕೆ ಹತ್ತಿದೆ. ಆ ಜಾಗ ಬಂತು, ನಿಂತೆ. ಕಣ್ಣು ಮುಚ್ಚಿದೆ. ತಲೆಯೊಳಗೆ ಡ್ರಮ್ ಶುರುವಾಯ್ತು, ಎಂದಿನ ಹಾಗೆ ಮೆಲ್ಲಗೆ. ಆದ್ರೆ ಈ ಸಲ ಯಾಕೋ ಪ್ಲಾಸ್ಟಿಕ್ ಸದ್ದು.

ಕಣ್ಣು ಬಿಟ್ಟೆ. ಮೂರನೇ ಸಾಲಲ್ಲಿ ಅವನು ಕೂತಿದ್ದ. ತಲೆ ತಗ್ಗಿಸಿ, ಮುಂದಿನ ಕುರ್ಚಿಯ ಬೆನ್ನಿಗೆ ಎರಡೂ ಕೈಯಲ್ಲಿ ಬಾರಿಸ್ತಿದ್ದ. ಆ ಕುರ್ಚಿಯಲ್ಲಿದ್ದ ಅಂಕಲ್ ಬೆನ್ನು ಒತ್ತಿ, ಅಲ್ಲಾಡದೆ ಕಣ್ಣು ಮುಚ್ಕೊಂಡು ಕೂತಿದ್ರು. ಮುಕ್ಕಾಲು ನಿಮಿಷ ತುಂಬಿತು, ನಾನು ಮುಂದಿನ ಸಾಲು ಎತ್ಕೊಂಡೆ. ಹಾಡು ಪೂರ್ತಿಯಾಯ್ತು.

ಇಳಿದು ಹೋಗಿ ಪಕ್ಕದಲ್ಲಿ ಕೂತೆ. "ಪಂದ್ಯ ನೀನೇ ಗೆದ್ದೆ ಕಣೋ. ನೀನಿಲ್ದೆ ಆಗಲ್ಲ" ಅಂದೆ.

"ಸುಮ್ನಿರು ಮಗಾ. ನಿನ್ನ ಜಾಗಕ್ಕೆ ಹೊಸಬನ್ನ ತಂದ್ವಿ. ಅವನು ಹಾಡೋವಾಗೆಲ್ಲ ನಾವು ನೀನು ನಿಲ್ತಿದ್ದ ಕಡೆ ನೋಡ್ತಾ ಕೂರ್ತಿದ್ವಿ. ಹೆದರ್ಕೊಂಡು ಬಿಟ್ಟೋದ. ಈಗ ಅವನೂ ಸೋಲೋ."

ಬ್ಯಾಂಡಿಗೆ ನಾನು ವಾಪಸ್ ಹೋಗಲಿಲ್ಲ. ಅವನೂ ನನ್ನ ಜೊತೆ ವೇದಿಕೆ ಹತ್ತಲ್ಲ, ಮೂರನೇ ಸಾಲಲ್ಲಿ ಬಂದು ಕೂರ್ತಾನೆ, ಅಷ್ಟೇ. ಅವನಿಗಿಂತ ಮುಂಚೆ ಆ ಅಂಕಲ್ ಬಂದು ಮುಂದಿನ ಕುರ್ಚಿ ಹಿಡಿದಿರ್ತಾರೆ, ಕಾರ್ಯಕ್ರಮ ಕೆ.ಆರ್. ಪುರದಲ್ಲಿದ್ರೂ ಸರಿ. ಮೊನ್ನೆ ಹಾಡಿನ ಆ ಜಾಗದಲ್ಲಿ, ಇಡೀ ಸಭೆ ನಿಶ್ಶಬ್ದವಾಗಿದ್ದಾಗ, ಅವರ ದನಿ ಮೈಕಿನವರೆಗೂ ಕೇಳಿಸ್ತು.

"ಸ್ವಲ್ಪ ಕೆಳಗಪ್ಪ... ಹಾಂ, ಅಲ್ಲೇ."