ಶುಕ್ರವಾರ ಬರುವ ವೈರಸ್ಸು

ಕಂಪ್ಯೂಟರ್ ರಿಪೇರಿ ಮಾಡುವವರ ಬದುಕಿನಲ್ಲಿ ಇಂಥದ್ದು ನಡೆಯದ ವಾರವೇ ಇಲ್ಲ. ಮೊನ್ನೆ ಚಿಕ್ಕೋಡಿಯ ನಮ್ಮ ಓಣಿಯ ಹಿರಿಯರೊಬ್ಬರು ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. "ಅಕ್ಕೋರ, ಯಾರೋ ಗುಡ್ ಮಾರ್ನಿಂಗ್ ಹೂವು ಕಳಸ್ಯಾರ. ತಗದ್ರ ಮೊಬೈಲ್ ಸಾಯತೈತಂತ. ನೀವ ತಗೀರಿ" ಎಂದು ಅದನ್ನು ನನ್ನ ಕೈಗಿಟ್ಟು ತಾವು ಬಾಗಿಲ ಹೊರಗೆ ಹೋಗಿ ನಿಂತರು. ನಾನು ತೆಗೆದೆ. ಹೂವೇ ಇತ್ತು. "ಅಷ್ಟನ?" ಎಂದು ಕೇಳಿದರು. ಮೊಬೈಲ್ ಸಾಯಲಿಲ್ಲವೆಂದು ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಅವರು ಹೋದ ಮೇಲೆ ನನಗೆ ಹಳೆಯ ಆ ಒಂದು ವಾರ ನೆನಪಾಯಿತು.

ಆಗ ಬಸ್ ಸ್ಟ್ಯಾಂಡಿನ ಹತ್ತಿರ ಮಾಳಿಗೆ ಮೇಲೆ ನನ್ನ ಅಂಗಡಿ. ಬೆಳಿಗ್ಗೆ ಕಂಪ್ಯೂಟರ್ ಕ್ಲಾಸು, ಮಧ್ಯಾಹ್ನದ ಮೇಲೆ ರಿಪೇರಿ. ಹೆಗಲ ಚೀಲದಲ್ಲಿ ಸ್ಕ್ರೂಡ್ರೈವರ್, ಧೂಳು ಝಾಡಿಸುವ ಬ್ರಷ್ಷು, ಒಂದಷ್ಟು ಸಿ.ಡಿ. ಹಾಕಿಕೊಂಡು ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಕೆಂಪು ಬಸ್ಸಿನಲ್ಲಿ ತಿರುಗುತ್ತಿದ್ದೆ. ಮನೆಗೊಂದು ಕಂಪ್ಯೂಟರ್ ಬಂತೆಂದರೆ ಅದಕ್ಕೆ ಕಸೂತಿ ಹಾಕಿದ ಮುಸುಕು, ಪಕ್ಕದಲ್ಲಿ ಊದುಬತ್ತಿ. ಚಪ್ಪಲಿ ಕಳಚದೆ ಆ ಕೋಣೆಯೊಳಗೆ ಕಾಲಿಡುವಂತಿರಲಿಲ್ಲ. ರಿಪೇರಿಗೆ ಹೋದರೆ ಮೊದಲು ಚಹಾ, ಆಮೇಲೆ ಅವಲಕ್ಕಿ, ಮನೆಯವರೆಲ್ಲರ ಸುದ್ದಿ, ಕೊನೆಗೆ ಕಂಪ್ಯೂಟರು.

ಹೀಗಿರುವಾಗ ಒಂದು ಭಾನುವಾರ ಟಿವಿಯಲ್ಲಿ ಸುದ್ದಿ ಬಂತು. ಬರುವ ಶುಕ್ರವಾರ ಜಗತ್ತಿನ ಕಂಪ್ಯೂಟರುಗಳ ಮೇಲೆಲ್ಲ ವೈರಸ್ ದಾಳಿ ಮಾಡುತ್ತದಂತೆ, ಒಳಗಿನ ಫೈಲುಗಳನ್ನೆಲ್ಲ ತಿಂದುಹಾಕುತ್ತದಂತೆ. ಹೇಳುವವನ ಹಿಂದೆ ಒಂದು ಕೆಂಪು ತಲೆಬುರುಡೆ ಗರಗರ ತಿರುಗುತ್ತಿತ್ತು. ಸೋಮವಾರ ಬೆಳಿಗ್ಗೆಯಿಂದ ನನ್ನ ಫೋನಿಗೆ ಉಸಿರು ಬಿಡಲು ಪುರಸೊತ್ತಿಲ್ಲ.

ಟಿವಿಯಲ್ಲಿ ಬಂದಾಕಿ

ಮಂಗಳವಾರ ಊರಿನ ಕೇಬಲ್ ಟಿವಿಯವನು ಕ್ಯಾಮೆರಾ ಹಿಡಿದುಕೊಂಡು ಬಂದ. "ಅಕ್ಕೋರ, ಮಂದಿ ಭಾಳ ಅಂಜ್ಯಾರ್ರಿ. ಎರಡು ಮಾತು ಧೈರ್ಯಾ ಹೇಳ್ರಿ" ಎಂದ. ನಾನು ಒಳ್ಳೆಯ ಇಳಕಲ್ ಸೀರೆ ಉಟ್ಟು ಹತ್ತು ನಿಮಿಷ ಪುಸ್ತಕದ ಕನ್ನಡದಲ್ಲಿ ಮಾತಾಡಿದೆ. ಯಾರೂ ಹೆದರಬೇಡಿ, ಮುಖ್ಯವಾದ ಫೈಲುಗಳನ್ನು ಇನ್ನೊಂದು ಕಡೆ ನಕಲು ಮಾಡಿ ಇಟ್ಟುಕೊಳ್ಳಿ, ಗೊತ್ತಿಲ್ಲದ ಪತ್ರಗಳನ್ನು ತೆರೆಯಬೇಡಿ ಎಂದೆಲ್ಲ ಬಿಡಿಸಿ ಬಿಡಿಸಿ ಹೇಳಿದೆ.

ಆಮೇಲೆ ನೋಡಿದರೆ ಅವನ ಮೈಕು ಕೆಲಸ ಮಾಡಿರಲಿಲ್ಲ. ಮಾತು ಹೋಗಿತ್ತು, ಮುಖ ಮಾತ್ರ ಉಳಿದಿತ್ತು. ಅದನ್ನು ಬಿಸಾಕುವುದೇಕೆ ಎಂದು ಅವನು ನನ್ನ ಬಾಯಿ ತೆರೆದ ಮುಖವನ್ನು ಪರದೆ ತುಂಬ ನಿಲ್ಲಿಸಿ, ಕೆಳಗೆ ಕೆಂಪು ಅಕ್ಷರದಲ್ಲಿ "ಎಚ್ಚರ! ಶುಕ್ರವಾರ ವೈರಸ್ ಬರುತ್ತಿದೆ!" ಎಂದು ಬರೆದು, ಧಾರಾವಾಹಿಯ ನಡುನಡುವೆ ಬಿಟ್ಟುಬಿಟ್ಟ.

ನನಗೆ ಇದು ಗೊತ್ತಿರಲಿಲ್ಲ. ಮರುದಿನ ರಾಯಬಾಗ ಬಸ್ಸು ಹತ್ತಿದೆ. ಗದ್ದಲವೋ ಗದ್ದಲ, ಆದರೆ ನನ್ನ ಪಕ್ಕದ ಸೀಟಿಗೆ ಮಾತ್ರ ಯಾರೂ ಕೂಡುತ್ತಿಲ್ಲ. ಎದುರಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ನನ್ನನ್ನೇ ನೋಡಿದಳು, ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಮತ್ತೆ ನೋಡಿದಳು. ಕೊನೆಗೆ ಪಕ್ಕದವಳ ಕಿವಿಯಲ್ಲಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ಟಿವ್ಯಾಗ ತೋರಸಾಕತ್ತಿದ್ರಲ್ಲ ವೈರಸ್ಸು, ಇಕೀನ ನೋಡವಾ. ಶುಕ್ರವಾರ ಬರತಾಳ ಅಂದಿದ್ರು, ಬುಧವಾರನ ಬಂದಾಳ!"

ಅವ್ವನ ಹಾಡು

ಆ ದಿನ ರಾಯಬಾಗದಲ್ಲಿ ಹೋಗಬೇಕಾಗಿದ್ದದ್ದು ನಿವೃತ್ತ ಮಾಸ್ತರರೊಬ್ಬರ ಮನೆಗೆ. ಅವರ ತಾಯಿಗೆ ತೊಂಬತ್ತರ ಹತ್ತಿರ ವಯಸ್ಸು. ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ನಲವತ್ತು ಹಾಡು ಆಕೆಯ ಬಾಯಲ್ಲಿದ್ದವು. ಊರಲ್ಲಿ ಬೇರೆ ಯಾರಿಗೂ ಅವು ಬರುತ್ತಿರಲಿಲ್ಲ. ಮಾಸ್ತರರು ಒಂದು ಚಳಿಗಾಲವಿಡೀ ತಾಯಿಯ ಮುಂದೆ ಮೈಕು ಹಿಡಿದು ಕೂತು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದರು. ಅವು ಹೋದರೆ ಮತ್ತೆ ಹಾಡಿಸುವಂತಿರಲಿಲ್ಲ, ಆಕೆಗೆ ಈಗ ಎರಡು ಸಾಲಿಗೇ ದಮ್ಮು ಹತ್ತುತ್ತಿತ್ತು. ಮಾಸ್ತರರ ಹೆದರಿಕೆ ಸಣ್ಣದೇನಲ್ಲ.

ನಾನು ಒಳಗೆ ಹೋದಾಗ ಅವರು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದರು. "ಬರ್ರಿ ಅಕ್ಕೋರ. ಕಾಗದಕ್ಕ ವೈರಸ್ ಹತ್ತೂದಿಲ್ಲಲ್ರಿ? ನಾ ಅವ್ವನ ಹಾಡು ಪ್ರಿಂಟ್ ತಗದ ಇಟ್ಟೇನಿ" ಎಂದರು.

"ಹಾಡು ಹೆಂಗ ಪ್ರಿಂಟ್ ಆಗತೈತ್ರಿ ಸರ?"

ಅವರು ಕೆಂಪು ಬಟ್ಟೆಯಲ್ಲಿ ಕಟ್ಟಿದ ದೊಡ್ಡದೊಂದು ಗಂಟನ್ನು ತಂದು ಬಿಚ್ಚಿದರು. ಹಾಡಿನ ಫೈಲನ್ನು ಪತ್ರ ಬರೆಯುವ ಪ್ರೋಗ್ರಾಮಿನಲ್ಲಿ ತೆರೆದು ಪ್ರಿಂಟ್ ಒತ್ತಿದ್ದರು. ಹಾಳೆ ಹಾಳೆಯ ತುಂಬ ಚೌಕಗಳು, ಕೊಕ್ಕೆಗಳು, ಬಾಲ ಇರುವ ಚುಕ್ಕೆಗಳು, ತಲೆಕೆಳಗಾದ ಪ್ರಶ್ನೆಚಿಹ್ನೆಗಳು. ಒಂದೂವರೆ ಹಾಡು ಮುಗಿಯುವಷ್ಟರಲ್ಲಿ ಊರಿನ ಅಂಗಡಿಯಲ್ಲಿದ್ದ ಕಾಗದವೆಲ್ಲ ಮುಗಿದಿತ್ತಂತೆ.

"ಮೋಡಿ ಲಿಪಿಯೊಳಗ ಬಂದಾವ್ರಿ" ಎಂದು ಮಾಸ್ತರರು ದನಿ ತಗ್ಗಿಸಿ ಹೇಳಿದರು. ಮೋಡಿ ಎಂದರೆ ನಮ್ಮ ಕಡೆ ಅಜ್ಜ ಮುತ್ತಜ್ಜಂದಿರ ಹೊಲಮನೆಯ ಕಾಗದಪತ್ರಗಳನ್ನು ಬರೆದಿರುವ ಹಳೆಯ ಲಿಪಿ, ಓದುವವರು ಈಗ ಊರಿಗೊಬ್ಬರು ಸಿಕ್ಕರೆ ಪುಣ್ಯ. "ಓದಾವರಿಗೂ ತೋರಿಸಿದ್ನಿ. ಭೂತಗನ್ನಡಿ ಹಿಡಕೊಂಡು ಒಂದು ತಾಸು ನೋಡಿದ್ರು. ಇದು ಹೊಲದ ಕಾಗದ, ಬರದಾಂವ ಭಾಳ ಅವಸರದಾಗ ಇದ್ದ, ಎರಡು ಕಡೆ ಬಾವಿ ಅಂತ ಐತಿ ಅಂದ್ರು."

ನಗು ತಡೆದುಕೊಂಡು ನಲವತ್ತೂ ಹಾಡುಗಳನ್ನು ಸಿ.ಡಿ.ಗೆ ಇಳಿಸಿದೆ. ಸರಿಯಾಗಿದೆಯೋ ಎಂದು ಒಂದು ಹಾಡು ಹಚ್ಚಿದೆ. ಕೋಣೆಯ ತುಂಬ ಆಕೆಯ ದನಿ ತುಂಬಿಕೊಂಡಿತು. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಷ್ಟರಲ್ಲಿ ಆ ತಾಯಿ ಗೋಡೆ ಹಿಡಿದು ಮೆಲ್ಲಗೆ ಬಂದು ಕೆಂಪು ಗಂಟಿನ ಮುಂದೆ ಕೂತರು. ಚೌಕ, ಕೊಕ್ಕೆಗಳ ಹಾಳೆಯೊಂದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಾ ಹಾಡಿದ್ದು ಹಿಂಗ ಕಾಣತೈತೇನೋ ತಮ್ಮಾ?" ಎಂದು ಮಗನನ್ನು ಕೇಳಿದರು. "ಅದಕ್ಕ ನಾ ಬಾಯಿ ತಗದಕೂಡ್ಲೆ ನಿನ್ನ ಹೆಂಡ್ತಿ ಬಾಗಲಾ ಹಾಕ್ಕೋತಾಳ!"

ಕೌದಿಯೊಳಗಿನ ಆರುನೂರು ಮಂದಿ

ಅಂತೂ ಶುಕ್ರವಾರ ಬಂತು. ಕಾಗವಾಡದಲ್ಲಿ ಲಗ್ನ ಕೂಡಿಸುವ ಕಾಕಾ ಒಬ್ಬರಿದ್ದರು. ಮಹಾರಾಷ್ಟ್ರ ಗಡಿಯ ಆಚೆ ಈಚೆಯ ಆರುನೂರು ಗಂಡು-ಹೆಣ್ಣುಗಳ ಜಾತಕ, ಫೋಟೋ, ಎತ್ತರ, ಓದು ಎಲ್ಲ ಅವರ ಕಂಪ್ಯೂಟರಿನಲ್ಲಿತ್ತು. ಹಿಂದಿನ ದಿನ ಅವರು ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದ್ದರು:

"ಅಕ್ಕೋರ, ಕನ್ನಡ ಚಾನಲ್‌ನ್ಯಾಗ ವೈರಸ್ ಬರತೈತಿ ಅಂತ ಒಂದಸಮನ ಹೇಳಾಕತ್ತಾರ. ಮರಾಠಿ ಚಾನಲ್ ಹಚ್ಚಿದ್ರ ಅಲ್ಲಿ ಅಡಗಿ ಮಾಡೂದು ತೋರಸಾಕತ್ತಾರ. ಅಂದ್ರ ಅದು ಕರ್ನಾಟಕಕ್ಕ ಅಷ್ಟ ಬರೂದೇನ್ರಿ?"

ಹಾಗೇನಿಲ್ಲ ಎಂದು ನಾನು ಹೇಳಿದ್ದೆ. ಅವರು ನಂಬಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಟಂಟಂ ರಿಕ್ಷಾದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಮಿರಜಿನ ತಂಗಿಯ ಮನೆಗೆ ಹೊರಟುಬಿಟ್ಟಿದ್ದರು. ಗಡಿ ದಾಟಿದರೆ ಸುರಕ್ಷಿತ ಎಂದು ಅವರ ಲೆಕ್ಕ.

ಹತ್ತು ಗಂಟೆಗೆ ನನಗೊಂದು ಫೋನು ಬಂತು. ಗಟ್ಟಿ ದನಿ. "ಚಿಕ್ಕೋಡಿ ಕಂಪ್ಯೂಟರ್ ಅಕ್ಕೋರ ಏನ್ರಿ? ನಾನು ಗಡಿ ನಾಕಾದಾಗಿನ ಪೊಲೀಸು. ಇಲ್ಲೊಬ್ಬಾಂವನ್ನ ತಡದೇವ್ರಿ. ಕೌದ್ಯಾಗ ಏನೈತಿ ಅಂದ್ರ, ಆರುನೂರ ಮಂದಿ ಅದಾರ ಅಂತಾನ."

ಹಿಂದಿನಿಂದ ಕಾಕಾನ ದನಿ ಕೇಳಿತು: "ಲಗ್ನ ಆಗಲಾರದವ್ರು ಅಂತನೂ ಹೇಳ್ರಿ ಸಾಹೇಬ್ರ!"

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಪೊಲೀಸಪ್ಪನ ದನಿ ಬಹಳ ಮೆತ್ತಗಾಯಿತು. "ಅಕ್ಕೋರ, ನಮ್ಮ ತಮ್ಮ ಒಬ್ಬ ಅದಾನ್ರಿ. ಡಿಪ್ಲೊಮಾ ಆಗೈತಿ. ಆರುನೂರರಾಗ ಅವಂಗೊಂದು ಹುಡುಗಿ ಸಿಗತಾಳೇನ್ರಿ?"

ಅಲ್ಲೇ ಚಹಾದಂಗಡಿಯ ಬಾಕಿನ ಮೇಲೆ ಕೌದಿ ಬಿಚ್ಚಿದರು. ವಾಯರು ಚುಚ್ಚಿದರು. ಏನೂ ಕಾಣಲಿಲ್ಲ. ಕಾಕಾ ಫೋನ್ ಕಸಿದುಕೊಂಡು ಅಳುವ ದನಿಯಲ್ಲಿ, "ಅಕ್ಕೋರ, ವೈರಸ್ ಇಲ್ಲಿಗೂ ಬಂತ್ರಿ! ಎಲ್ಲಾ ಕರ್ರಗ ಐತಿ!" ಎಂದರು.

"ಕಾಕಾ, ಕೆಳಗ ಒಂದು ಡಬ್ಬಿ ಇರತಿತ್ತಲ್ಲ, ಅದೆಲ್ಲಿ?"

"ಆ ಗುಂಯ್ ಅನ್ನೂ ಡಬ್ಬಿನ? ಮನ್ಯಾಗ ಐತಿ. ಅದರಾಗ ಏನೂ ಕಾಣೂದ ಇಲ್ಲಲ್ರಿ, ಯಾಕ ಹೊರೂದು ಅಂತ ಬಿಟ್ಟ ಬಂದೇನಿ."

"ಕಾಕಾ, ಎಲ್ಲಾರೂ ಅದರಾಗ ಅದಾರ. ನೀವು ತಂದದ್ದು ಬರೇ ಪರದೆ. ಆರುನೂರು ಮಂದಿನೂ ಕಾಗವಾಡದಾಗ ಉಳದಾರ."

ಕಾಕಾ ಇದನ್ನು ಪೊಲೀಸಪ್ಪನಿಗೆ ಹೇಳಿದ್ದು ಕೇಳಿಸಿತು. ಮರುಕ್ಷಣ ಟಂಟಂ ಡ್ರೈವರನ ಮೇಲೆ ಒಂದು ಕೂಗು:

"ಗಾಡಿ ತಿರಗ್ಸಲೇ! ನಮ್ಮ ತಮ್ಮನ ಹೇಣ್ತಿ ವೈರಸ್ಸಿನ ಬಾಯಾಗ ಕುಂತಾಳ!"

ವೈರಸ್ಸಿಗೆ ತಿಳಿಯಬಾರದು

ಶುಕ್ರವಾರ ಕಳೆಯಿತು, ಶನಿವಾರವೂ ಕಳೆಯಿತು. ನಮ್ಮ ಕಡೆ ಯಾರ ಒಂದು ಫೈಲೂ ಹೋಗಲಿಲ್ಲ. ನಿಪ್ಪಾಣಿಯ ವಕೀಲರೊಬ್ಬರನ್ನು ಬಿಟ್ಟು.

ಅವರು ಜಾಣರು. ವೈರಸ್ಸಿಗೆ ಮೋಸ ಮಾಡಬೇಕೆಂದು ಗುರುವಾರವೇ ಕೂತು ಫೈಲುಗಳ ಹೆಸರೆಲ್ಲ ಬದಲಿಸಿದ್ದರು. ಇಪ್ಪತ್ತು ವರ್ಷದಿಂದ ನಡೆದ ದೊಡ್ಡ ದಾವೆಯ ಕಾಗದಗಳಿಗೆ "ಹಾಳುಮೂಳು" ಎಂದು ಹೆಸರಿಟ್ಟರು. ಹಳೆಯ ಲಗ್ನಪತ್ರಿಕೆಗಳಿಗೆ, ಹುಟ್ಟುಹಬ್ಬದ ಚಿತ್ರಗಳಿಗೆ "ಅತಿ ಮುಖ್ಯ" ಎಂದರು. ವೈರಸ್ಸು ಬಂದರೆ ಅದನ್ನೇ ತಿಂದು ತೃಪ್ತಿಯಿಂದ ಹೋಗಲಿ ಎಂದು.

ತಿಂಗಳ ನಂತರ ಅವರ ಫೋನು. ಕಂಪ್ಯೂಟರ್ ನಿಧಾನವಾಗಿದೆ ಎಂದು ಒಂದು ದಿನ ತಾವೇ ಸ್ವಚ್ಛ ಮಾಡಲು ಕೂತು, "ಹಾಳುಮೂಳು" ಎಂಬುದನ್ನೆಲ್ಲ ಅಳಿಸಿಹಾಕಿದ್ದರು. "ಅತಿ ಮುಖ್ಯ"ವನ್ನು ಜೋಪಾನವಾಗಿ ಮೂರು ಕಡೆ ನಕಲು ಮಾಡಿಟ್ಟಿದ್ದರು.

ನಾನು ಎರಡು ದಿನ ಕೂತು ಅಳಿಸಿದ್ದನ್ನು ಹೇಗೋ ಹೊರತೆಗೆದೆ. ವಕೀಲರು ಬೆವರು ಒರೆಸಿಕೊಂಡು ಹೇಳಿದರು: "ಹೆಸರು ಮಾತ್ರ ಚಲೋ ಇಟ್ಟಿದ್ನಿ ನೋಡ್ರಿ ಅಕ್ಕೋರ. ವೈರಸ್ಸಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ."

ದ್ರಾಕ್ಷಿ ತೋಟದಲ್ಲಿ

ಇನ್ನೊಂದು ಅಥಣಿಯ ಕಡೆಯದು. ತೋಟದಲ್ಲೇ ಮನೆ ಕಟ್ಟಿಕೊಂಡ ದ್ರಾಕ್ಷಿ ಬೆಳೆಗಾರರ ಕುಟುಂಬ. ಅಪ್ಪ, ಮಗ, ಸೊಸೆ. ವೈರಸ್ಸಿನ ವಾರದಲ್ಲಿ ಆ ಸೊಸೆ ಹಟ ಹಿಡಿದು ನನ್ನಿಂದ ತನ್ನ ಮದುವೆಯ ಫೋಟೋಗಳನ್ನೆಲ್ಲ ಏಳು ಸಿ.ಡಿ.ಗಳಲ್ಲಿ ಹಾಕಿಸಿಕೊಂಡಿದ್ದಳು. ಫೋಟೋಗಳು ಬೇರೆಲ್ಲೂ ಇರಲಿಲ್ಲ. ಮದುವೆಯಾದ ಮೂರೇ ತಿಂಗಳಿಗೆ ಅವಳ ಅತ್ತೆ ತೀರಿಕೊಂಡಿದ್ದರು. ಫೋಟೋ ತೆಗೆಸಿಕೊಳ್ಳುವುದೆಂದರೆ ಆಕೆಗೆ ಆಗುತ್ತಿರಲಿಲ್ಲವಂತೆ, ಇದ್ದದ್ದು ಆ ಮದುವೆಯಲ್ಲಿ ಯಾರೋ ತೆಗೆದವು ಮಾತ್ರ.

ವೈರಸ್ಸಿನಿಂದ ಏನೂ ಆಗಲಿಲ್ಲ. ಆರು ತಿಂಗಳ ನಂತರ ಒಂದು ಸಂಜೆ ಸಿಡಿಲು ಬಡಿದು ಕಂಪ್ಯೂಟರು ಸುಟ್ಟುಹೋಯಿತು. ನಾನು ಹೋಗಿ ನೋಡಿದೆ, ಒಳಗಿನ ಡಿಸ್ಕಿನಲ್ಲಿ ಜೀವವಿರಲಿಲ್ಲ. "ಚಿಂತಿ ಮಾಡಬ್ಯಾಡ್ರಿ, ಸಿ.ಡಿ. ಅದಾವಲ್ಲ" ಎಂದೆ.

ಸೊಸೆ ಅಟ್ಟ ಹುಡುಕಿದಳು, ಟ್ರಂಕು ಹುಡುಕಿದಳು. ಕೊನೆಗೆ ಮಾವನವರನ್ನು ಕೇಳಿದಳು. "ಮಾವಾರ, ಹೊಳಿಯೂ ತಾಟು ಏಳು ನಿಮ್ಮ ಕೈಯಾಗ ಕೊಟ್ಟು, ಚಲೋ ಜಾಗಾದಾಗ ಇಡ್ರಿ ಅಂದಿದ್ನೆಲ್ರಿ?"

"ಇಟ್ಟೇನಲ್ಲವಾ!" ಎಂದು ಅವರು ಹೆಮ್ಮೆಯಿಂದ ಎದ್ದರು. "ಅದಕ್ಕಿಂತ ಚಲೋ ಜಾಗಾ ಇಲ್ಲ. ಬರ್ರಿ."

ಅವರ ಹಿಂದೆ ನಾವೆಲ್ಲ ತೋಟಕ್ಕೆ ಹೋದೆವು. ದ್ರಾಕ್ಷಿ ಚಪ್ಪರದ ಸಾಲಿನ ತುದಿಯಲ್ಲಿ ದಾರಕ್ಕೆ ತೂಗುಬಿದ್ದು, ಗಾಳಿಗೆ ಗಿರಗಿರ ತಿರುಗುತ್ತ, ಬಿಸಿಲಿಗೆ ಫಳಫಳ ಹೊಳೆಯುತ್ತ ಅವಳ ಮದುವೆ ನೇತಾಡುತ್ತಿತ್ತು. ಹಕ್ಕಿ ಬೆದರಿಸಲು ಕಟ್ಟಿದ್ದರು.

ಸೊಸೆ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು. ಆ ತಾಟಿನೊಳಗೆ ಏನಿತ್ತೆಂದು ಮಗ ಹೇಳಿದಾಗ ಮುದುಕರ ಮುಖ ಸಣ್ಣದಾಯಿತು. ತಾವೇ ಒಂದೊಂದಾಗಿ ದಾರ ಬಿಚ್ಚಿದರು. ಏಳರಲ್ಲಿ ಆರು ಬಿಸಿಲಿಗೆ ಬೆಂದು ಬಣ್ಣ ಕಳೆದುಕೊಂಡಿದ್ದವು. ಏಳನೆಯದು ಎಲೆಗಳ ನಡುವೆ ಸಿಕ್ಕಿಕೊಂಡು ನೆರಳಲ್ಲಿ ಉಳಿದಿತ್ತು. ಅದನ್ನು ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಅವರನ್ನೆಲ್ಲ ನೆರೆಯ ತೋಟದವರ ಕಂಪ್ಯೂಟರಿನ ಮುಂದೆ ಕೂಡಿಸಿ, ಸಿ.ಡಿ.ಯನ್ನು ಒಳಗೆ ಹಾಕಿದೆ. ಸಿ.ಡಿ. ತಿರುಗಿತು, ನರಳಿತು, ನಿಂತಿತು, ಮತ್ತೆ ತಿರುಗಿತು.

ಪರದೆಯ ಮೇಲೆ ಒಂದು ಫೋಟೋ ಮೂಡಿತು. ಇಡೀ ಪರದೆ ತುಂಬ ಅತ್ತೆ. ಹಸಿರು ಸೀರೆ, ಹಣೆ ತುಂಬ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಕೈಯಲ್ಲಿ ಹುಗ್ಗಿಯ ಸೌಟು ಎತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಫೋಟೋ ತೆಗೆಯುವವನನ್ನು ಬೈಯುತ್ತಿದ್ದರು.

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಮಗ ಗೋಡೆಯ ಕಡೆ ತಿರುಗಿದ. ಮುದುಕರು ಮಾತ್ರ ಪರದೆಯ ಹತ್ತಿರ ಹೋಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನೋಡುತ್ತಲೇ ನಿಂತರು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿದರು:

"ಈ ಸಲ ತೋಟದಾಗ ಒಂದ ಒಂದು ಹಕ್ಕಿ ಇಳೀಲಿಲ್ಲ. ಹೊಳಪಿಗೆ ಅಂಜ್ಯಾವ ಅಂತ ತಿಳದಿದ್ನಿ. ಈಗ ಗೊತ್ತಾತ ನೋಡ್ರಿ, ಇಕಿ ನಿಂತಿದ್ಲು!"