ಪಾಲಾರಿವಟ್ಟಕ್ಕೆ ಗುಪ್ತಯಾತ್ರೆ

ಮಗಳಿಗೊಂದು ಚುಚ್ಚುಮದ್ದು ಹಾಕಿಸಲು ಹೊರಟರೆ ಇಡೀ ತಿರುವನಂತಪುರದಲ್ಲಿ ಪರಿಚಯದವರೇ ಎದುರಾಗಬೇಕೇ? ಉದಯಶಂಕರನ ಕೊರಗು ಇಷ್ಟೇ. ಕಾಸರಗೋಡಿನ ಈ ಕನ್ನಡಿಗ ಸರ್ಕಾರದ ಕಾನೂನು ಇಲಾಖೆಯಲ್ಲಿ ಅಧಿಕಾರಿ. ಒಂದು ಅಲ್ಪವಿರಾಮ ತಪ್ಪಿದರೂ ಮಂತ್ರಿಗಳ ಕಚೇರಿಗೇ ಫೈಲು ವಾಪಸು ಕಳಿಸುವ ಎದೆಗಾರಿಕೆ ಅವನದು. ಔಷಧಿ ಅಂಗಡಿಯಲ್ಲಿ ನಿಂತು ‘ಎಚ್‌ಪಿವಿ ಲಸಿಕೆ ಇದೆಯೇ’ ಎಂದು ಕೇಳುವ ಧೈರ್ಯ ಮಾತ್ರ ದೇವರು ಕೊಟ್ಟಿರಲಿಲ್ಲ.

ವಿಷಯವನ್ನು ಮನೆಗೆ ತಂದವಳು ಹೆಂಡತಿ ಚಂದ್ರಾವತಿ. ಮಗಳು ಶ್ರಾವ್ಯಳ ಶಾಲೆಯಲ್ಲಿ ಡಾಕ್ಟರೊಬ್ಬರು ತಾಯಂದಿರನ್ನು ಕೂರಿಸಿಕೊಂಡು, ಗರ್ಭಕಂಠದ ಕ್ಯಾನ್ಸರ್ ತಡೆಯಲು ಈ ಲಸಿಕೆ ಇದೆ, ಹದಿನೈದು ತುಂಬುವ ಮೊದಲೇ ಶುರು ಮಾಡಿದರೆ ಎರಡು ಡೋಸು ಸಾಕು ಎಂದು ತಿಳಿಸಿದ್ದರಂತೆ. ಶ್ರಾವ್ಯಳಿಗೆ ಮುಂದಿನ ತಿಂಗಳೇ ಹದಿನೈದು.

ಹಾಕಿಸಬೇಕೋ ಬೇಡವೋ ಎಂಬ ಚರ್ಚೆ ಆ ಮನೆಯಲ್ಲಿ ನಡೆಯಲೇ ಇಲ್ಲ. ಉದಯಶಂಕರನ ಅಕ್ಕ ಸುಮತಿ ತೀರಿಕೊಂಡದ್ದು ಅದೇ ಕಾಯಿಲೆಯಿಂದ. ನೋಡಲು ಬಂದವರಿಗೆಲ್ಲ ಮನೆಯವರು ‘ಹೊಟ್ಟೆನೋವು’ ಎಂದೇ ಹೇಳಿದ್ದರು. ಅವಳು ಹೋದ ಮೇಲೂ ಹಾಗೆಯೇ ಹೇಳುತ್ತಿದ್ದರು. ಮಗಳಿಗೆ ಹಾಕಿಸಲೇಬೇಕು. ಆದರೆ ನರಪಿಳ್ಳೆಗೂ ತಿಳಿಯಬಾರದು.

“ಎಂತಕ್ಕೆ ತಿಳೀಬಾರ್ದು?” ಎಂದಳು ಚಂದ್ರಾವತಿ. “ಪೋಲಿಯೋ ಹನಿ ಹಾಕಿಸುವಾಗ ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿಡೀ ತಿರುಗಿದವ್ರು ನೀವು.”

“ಅದು ಕಾಲಿನ ವಿಷಯ ಮಾರಾಯ್ತಿ. ಕಾಲು ಎಲ್ಲರಿಗೂ ಉಂಟು.”

“ನಿಮ್ಮ ಅಮ್ಮನಿಗೆ ಗರ್ಭಕೋಶ ಇಲ್ಲದಿದ್ರೆ ನೀವು ಎಲ್ಲಿಂದ ಬರ್ತಿದ್ರಿ?”

ಕಾನೂನು ಪಂಡಿತ ಚೀಲ ಹಿಡಿದು ಹೊರಟ. ಮೊದಲ ಔಷಧಿ ಅಂಗಡಿಯಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಿಂತಿದ್ದರು. ಕೆಮ್ಮಿನ ಸಿರಪ್ ಕೊಂಡು ಬಂದ. ಎರಡನೆಯ ಅಂಗಡಿಯಲ್ಲಿ ಯಾರೂ ಇರಲಿಲ್ಲ, ಧೈರ್ಯ ಮಾಡಿ ಲಸಿಕೆಯ ಹೆಸರನ್ನು ಪಿಸುಗುಟ್ಟಿದ. “ಎಷ್ಟು ವಯಸ್ಸಿನ ಹುಡುಗಿಗೆ ಸಾರ್?” ಎಂದು ಅಂಗಡಿಯವನು ಬೀದಿಗೆಲ್ಲ ಕೇಳುವಂತೆ ಕೂಗಿದ. ಇನ್ನೊಂದು ಸಿರಪ್ ಬಂತು. ಕೊನೆಗೆ ತಮ್ಮ ಬೀದಿಯಲ್ಲೇ ಇದ್ದ ಮಕ್ಕಳ ಕ್ಲಿನಿಕ್ಕಿನ ಗೇಟಿನ ತನಕ ಹೋದ. ಒಳಗೆ ಅವನ ಸೆಕ್ಷನ್ನಿನ ಅಜಿತ್ ಮಗುವನ್ನು ಎತ್ತಿಕೊಂಡು ಕೂತಿದ್ದ. ಉದಯಶಂಕರ ಗೇಟು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ಬಂದವನಂತೆ ಅದನ್ನು ಎರಡು ಸಲ ಅಲ್ಲಾಡಿಸಿ ಹಿಂತಿರುಗಿದ. (ಗಟ್ಟಿಯಾಗಿಯೇ ಇತ್ತು.)

ಅಂದು ಸಂಜೆ ಅವನಿಗೆ ದಿವ್ಯಜ್ಞಾನ ಉದಿಸಿತು. ಕೊಚ್ಚಿ! ಅಲ್ಲಿ ತನ್ನನ್ನು ಬಲ್ಲವರು ಯಾರು? ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಪಾಲಾರಿವಟ್ಟಂನ ಒಂದು ಮಕ್ಕಳ ಕ್ಲಿನಿಕ್ಕಿಗೆ ಫೋನು ಮಾಡಿದ. ಲಸಿಕೆ ಇದೆ, ಶನಿವಾರ ಬನ್ನಿ ಎಂದರು.

“ನಡೆದು ಹೋಗುವಲ್ಲಿಗೆ ರೈಲಿನಲ್ಲಿ ಹೋಗುವವ್ರು ಕೇರಳದಲ್ಲೇ ನೀವೊಬ್ರು,” ಎಂದಳು ಚಂದ್ರಾವತಿ. ಆದರೂ ತಂದೆ ಮಗಳಿಗೆ ಇಡ್ಲಿ ಕಟ್ಟಿಕೊಟ್ಟಳು.

ಎರ್ನಾಕುಲಂನಲ್ಲಿ ಇಳಿದು, ಮೆಟ್ರೋ ಹಿಡಿದು, ಪಾಲಾರಿವಟ್ಟಂ ತಲುಪುವಷ್ಟರಲ್ಲಿ ಉದಯಶಂಕರನ ನಡಿಗೆಯೇ ಬದಲಾಗಿತ್ತು. ಕ್ಲಿನಿಕ್ಕಿನ ಗೋಡೆಯ ತುಂಬ ಮೊಲ, ಜಿರಾಫೆ. ಕಾಯುವ ಹಾಲ್‌ನ ನಡುವೆ ದೊಡ್ಡ ಮೀನಿನ ತೊಟ್ಟಿ. ನಿರಾಳವಾಗಿ ಮೀನು ನೋಡಲು ಬಗ್ಗಿದ. ಗಾಜಿನ ಆಚೆಯಿಂದಲೂ ಒಂದು ಕನ್ನಡಕದ ಮುಖ ಮೀನು ನೋಡಲು ಬಗ್ಗಿತು. ಎರಡೂ ಮುಖ ಒಟ್ಟಿಗೇ ಬಿಳುಚಿದವು. ಅವರು ಕೃಷ್ಣಾನಂದರು, ಇಲಾಖೆಯಲ್ಲಿ ಅವನ ಮೇಲಧಿಕಾರಿ, ಸಾಲದ್ದಕ್ಕೆ ಕನ್ನಡ ಸಂಘದ ಅಧ್ಯಕ್ಷರು.

“ಸಾರ್... ನೀವು ಇಲ್ಲಿ?”

“ಮಂಡಿನೋವು ಮಾರಾಯ,” ಎಂದರು ಕೃಷ್ಣಾನಂದರು. “ನಿಮಗೆಂತ?”

“ಕೆಮ್ಮು ಸಾರ್.”

ಮಂಡಿನೋವಿಗೆ ಮಕ್ಕಳ ಡಾಕ್ಟರೇ ಎಂದು ಕೇಳುವಂತಿರಲಿಲ್ಲ. ಮೇಲಧಿಕಾರಿಯ ಮಂಡಿಯನ್ನು ಪ್ರಶ್ನಿಸಲು ಯಾವ ಸೇವಾ ನಿಯಮದಲ್ಲೂ ಅವಕಾಶವಿಲ್ಲ. ಇಬ್ಬರೂ ಗಂಭೀರವಾಗಿ ಮೀನುಗಳನ್ನು ನೋಡುತ್ತ ನಿಂತರು. ಅಷ್ಟರಲ್ಲಿ ಡಾಕ್ಟರ ಕೋಣೆಯ ಬಾಗಿಲು ತೆರೆದು, ಕೃಷ್ಣಾನಂದರ ಮಗಳು ಗ್ರೀಷ್ಮಾ ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದಳು.

“ಎಡೀ ಗ್ರೀಷ್ಮಾ!” ಶ್ರಾವ್ಯ ಹಾಲ್‌ನ ಈ ತುದಿಯಿಂದ ಗೆಳತಿಯನ್ನು ಮಲಯಾಳಿಗಳ ಧಾಟಿಯಲ್ಲಿ ಕೂಗಿದಳು. “ನೀನೂ ಎಚ್‌ಪಿವಿಗೆ ಬಂದದ್ದಾ? ನೋವುಂಟಾ?”

“ಏಯ್, ಎಂತ ಇಲ್ಲ. ಅಪ್ಪ ಮಾತ್ರ ಯಾರಿಗೂ ಹೇಳ್ಬೇಡ ಹೇಳಿದ್ದಾರೆ!”

ಜಿರಾಫೆಯನ್ನೂ ಸೇರಿಸಿ ಹಾಲ್‌ನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಒಳಗೆ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಸೂಜಿ ಹೋಗುವಾಗ ಶ್ರಾವ್ಯ ಗೋಡೆಯ ಮೊಲವನ್ನು ನೋಡುತ್ತಿದ್ದಳು. ಉದಯಶಂಕರನಿಗೆ ಅಕ್ಕನ ನೆನಪಾಗಿ ಕಣ್ಣು ತುಂಬಿತು. ಡಾಕ್ಟರಮ್ಮ ಇದನ್ನು ಸೂಜಿಯ ಹೆದರಿಕೆ ಎಂದು ತಿಳಿದು ಅವನಿಗೇ ಕುರ್ಚಿ ಕೊಟ್ಟರು. ಆಮೇಲೆ ವಿಳಾಸ ನೋಡಿ, “ಎರಡನೇ ಡೋಸಿಗೆ ಇಷ್ಟು ದೂರ ಬರಬೇಡಿ. ನಿಮ್ಮ ಬೀದಿಯಲ್ಲೇ ಇರುವ ಡಾಕ್ಟರು ನನ್ನ ಸಹಪಾಠಿ. ಅಲ್ಲೂ ಇದೇ ಲಸಿಕೆ ಇದೆ,” ಎಂದರು.

ವಾಪಸು ಗಾಡಿಯಲ್ಲಿ ನಾಲ್ವರೂ ಎದುರುಬದುರು ಕೂತರು. ಮಂಡಿಯ ಮಾತನ್ನು ಇವನು ಎತ್ತಲಿಲ್ಲ, ಕೆಮ್ಮಿನ ಮಾತನ್ನು ಅವರು ಎತ್ತಲಿಲ್ಲ. ಗಾಡಿ ಚೇರ್ತಲ ದಾಟಿದಾಗ ಉದಯಶಂಕರನ ಫೋನು ಬಡಿದುಕೊಳ್ಳತೊಡಗಿತು. ಶ್ರಾವ್ಯ ತೋಳಿನ ಪಟ್ಟಿಯ ಫೋಟೋ ತೆಗೆದು, ‘ಕೊಚ್ಚಿಯಲ್ಲಿ ಎಚ್‌ಪಿವಿ ಮುಗೀತು’ ಎಂದು ಬರೆದು, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದಳು! ಅದರಲ್ಲಿ ಕಾಸರಗೋಡಿನ ಸಮಸ್ತ ನೆಂಟರೂ ಇದ್ದಾರೆ. ‘ಇಷ್ಟು ಸಣ್ಣ ಹುಡುಗಿಗೆ ಇದು ಎಂತಕ್ಕೆ’ ಎಂಬ ಪ್ರಶ್ನೆಗೆ ಅವನು ಎದೆ ಗಟ್ಟಿಮಾಡಿಕೊಂಡ.

ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅತ್ತಿಗೆ ಕೇಳಿದ್ದು ಎಲ್ಲಿ ಸಿಗ್ತದೆ ಎಂದು. ಚಿಕ್ಕಮ್ಮ ಕೇಳಿದ್ದು ಮೊಮ್ಮಗಳಿಗೆ ಹನ್ನೊಂದು, ಈಗಲೇ ಹಾಕಿಸಬಹುದಾ ಎಂದು. ಭಾವ ಡಾಕ್ಟರ ನಂಬರು ಬೇಡಿದರು. ಕೊನೆಗೆ ಅಮ್ಮ ಫೋನು ಮಾಡಿದಳು.

“ಒಳ್ಳೇ ಕೆಲಸ ಮಾಡಿದೆ ಮಗಾ. ನಮ್ಮ ಸುಮತಿಯ ಕಾಲಕ್ಕೆ ಇದು ಇದ್ದಿದ್ರೆ...” ಎಂದು ತಡೆದು, ಅಷ್ಟು ವರ್ಷ ಹೊಟ್ಟೆನೋವು ಎಂದೇ ಹೇಳುತ್ತಿದ್ದ ಕಾಯಿಲೆಯ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ಉದಯಶಂಕರ ಫೋನನ್ನು ಕಿವಿಗೆ ಒತ್ತಿ ಹಿಡಿದ. ಅಮ್ಮ ಮುಂದುವರಿಸಿದಳು. “ಅಲ್ಲ, ತಿರುವನಂತಪುರ ಅಷ್ಟು ದೊಡ್ಡ ಊರು. ಅಲ್ಲಿ ಸಿಗ್ಲಿಲ್ವಾ? ಕೊಚ್ಚಿಗೆ ಎಂತಕ್ಕೆ ಹೋದದ್ದು?”

“ಅಮ್ಮಾ... ಸುರಂಗ ಬಂತು. ಸರಿಯಾಗಿ ಕೇಳುದಿಲ್ಲ.”

ಕಿಟಕಿಯ ಹೊರಗೆ ದಿಗಂತದವರೆಗೆ ಚಪ್ಪಟೆ ಗದ್ದೆ, ನೀರು, ಬಾತುಕೋಳಿ. ಶ್ರಾವ್ಯ ಅಪ್ಪನ ಕೈಯಿಂದ ಫೋನು ತೆಗೆದುಕೊಂಡಳು.

“ಅಜ್ಜೀ, ಸುರಂಗ ಎಂತದ್ದೂ ಇಲ್ಲ. ಅಪ್ಪನಿಗೆ ನಾಚಿಕೆ ಆದದ್ದು. ಇಲ್ಲಿ ಕೃಷ್ಣಾನಂದ ಅಂಕಲಿಗೂ ಆಗಿದೆ.”

ಎದುರು ಸೀಟಿನಲ್ಲಿ ಕೃಷ್ಣಾನಂದರು ಮಲಯಾಳಂ ಪೇಪರನ್ನು ಬಿಡಿಸಿ ಮುಖದ ಮಟ್ಟಕ್ಕೆ ಎತ್ತಿ ಹಿಡಿದರು.

“ಸಾರ್,” ಎಂದು ಉದಯಶಂಕರ ಮೆಲ್ಲಗೆ ಕೈಚಾಚಿದ, “ನನಗೂ ಒಂದು ಹಾಳೆ ಕೊಡಿ.”